ಮಣ್ಣಿನ ಹುಂಡಿ

ಊರಿಗಾಂ ಎಂದೊಡನೆ ನೆನಪಾಗುವುದು ಚಿನ್ನ. ಆ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ನಾನು ಸಂಗ್ರಹಿಸುತ್ತಿರುವುದು ಚಿನ್ನವನ್ನಲ್ಲ, ಸುತ್ತಲಿನ ಸಂತೆಗಳಲ್ಲಿ ದೊರೆಯುವ ಮಣ್ಣಿನ ಹುಂಡಿಗಳನ್ನು. ನಮ್ಮ ನೆರೆಯ ತಮಿಳರು ಇದನ್ನು ಉಂಡಿಯಲ್ ಎನ್ನುವರು.

ಮಡಕೆಗೆ ಬಾಯಿಯುಂಟು, ಹುಂಡಿಗಿಲ್ಲ. ಕುಂಬಾರನು ತಿಗರಿಯ ಮೇಲೆ ಮಣ್ಣನ್ನೆತ್ತಿ, ಒಳಕ್ಕೆ ಬಾಗಿಸುತ್ತ ನೆತ್ತಿಯನ್ನು ಮುಚ್ಚಿಬಿಡುತ್ತಾನೆ. ಮಣ್ಣು ತುಸು ಬಿಗಿದ ಮೇಲೆ ಕಾಸಿಗಾಗಿ ಸೀಳು ಕೊಯ್ಯುತ್ತಾನೆ. ಆವಿಗೆಯಲ್ಲಿ ಒಳಗಿನ ತೇವ ಹೊರಹೋಗಲೂ ಅದೇ ದಾರಿ. ಅದಿಲ್ಲದಿದ್ದರೆ ಹುಂಡಿ ಸುಡುವಾಗಲೇ ಸಿಡಿದೀತು.

ಹಾಕಿದ ಹಣ ಬೇಕಾದರೆ ಹುಂಡಿಯನ್ನು ಒಡೆಯಬೇಕು. ‘ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ’ ಎಂಬ ಗಾದೆ ಇದಕ್ಕೆ ಚೆನ್ನಾಗಿ ಒಪ್ಪುತ್ತದೆ. ಆದುದರಿಂದಲೇ ಹಳೆಯ ಹುಂಡಿಗಳು ಅಪರೂಪ. ಜಾವಾದ ಮಜಪಹಿತ್ ರಾಜ್ಯದ ಹಂದಿಯಾಕಾರದ ಹುಂಡಿಗಳಲ್ಲಿಯೂ ಅನೇಕವು ಚೂರುಗಳಾಗಿಯೇ ದೊರೆತಿವೆ. ಕೆಲಸ ಮುಗಿಸಿದ ಹುಂಡಿ ಉಳಿಯದು. ನನ್ನ ಕಪಾಟಿನಲ್ಲಿ ಉಳಿದಿರುವ ಒಂಬತ್ತೂ ಒಂದು ಕಾಸನ್ನೂ ಕಾಣದವು.

ಮಿತ್ರರೇ, ನಿಮ್ಮ ಮನೆಯ ಹುಂಡಿ ಒಡೆದ ದಿನ ಸೀಳಿರುವ ಚೂರನ್ನು ಎಸೆಯದಿರಿ. ಅದನ್ನು ಮಾಡಿದ ಊರು, ಕೊಂಡ ಬೆಲೆ, ಯಾವ ಖರ್ಚಿಗಾಗಿ ಒಡೆದಿರೆಂಬುದು, ಇಷ್ಟನ್ನು ಚೀಟಿಯಲ್ಲಿ ಬರೆದು ನನಗೆ ಕೊಡಿರಿ. ಇಡೀ ಹುಂಡಿ ಕುಂಬಾರನ ಕೈಚಳಕವನ್ನು ಹೇಳೀತು; ಮನೆಯ ಕಥೆಯನ್ನು ಹೇಳುವುದು ಆ ಚೂರು.