ಬಲ್ಲಾಳ: ಒಂದು ಅಡ್ಡಹೆಸರಿನ ಮೂಲ, ಅರ್ಥ ಮತ್ತು ಪ್ರಸಾರ

ಕನ್ನಡದಲ್ಲಿ ಸ್ಥಳನಾಮಗಳ ಅಧ್ಯಯನಕ್ಕೆ ದೊರೆತಿರುವ ಗಮನ ಮನೆತನದ ಹೆಸರುಗಳಿಗೆ ದೊರೆತಿಲ್ಲ. ಅಡ್ಡಹೆಸರನ್ನು ಜಾತಿಯ ಗುರುತೆಂದೋ ವಂಶದ ಪುರಾವೆಯೆಂದೋ ಓದಿ ಮುಂದೆ ಸಾಗುವುದು ರೂಢಿಯಾಗಿದೆ. ಈ ಎರಡೂ ಬಗೆಯ ಓದು ಎಷ್ಟರಮಟ್ಟಿಗೆ ನಿಲ್ಲುತ್ತದೆ ಎಂಬುದನ್ನು 'ಬಲ್ಲಾಳ' ಎಂಬ ಒಂದು ಹೆಸರಿನ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಈ ಹೆಸರನ್ನು ಆರಿಸಿಕೊಳ್ಳಲು ಕಾರಣ ಕೊಟ್ಟಿಗೆಹಾರ. ಮೂಡಿಗೆರೆಯಿಂದ ಬಂದ ದಾರಿ ಇಲ್ಲಿ ಕವಲೊಡೆದು, ಒಂದು ಚಾರ್ಮಾಡಿ ಘಟ್ಟವನ್ನಿಳಿದು ಉಜಿರೆ, ಬೆಳ್ತಂಗಡಿಗಳತ್ತ ಸಾಗುತ್ತದೆ. ಇನ್ನೊಂದು ಕಳಸ, ಹೊರನಾಡುಗಳತ್ತ ಹೋಗುತ್ತದೆ. ಕಳಸದ ದಾರಿಯಲ್ಲಿ ಸಿಗುವ ಸುಂಕಸಾಲೆಯ ಸಮೀಪ, ದುರ್ಗದಹಳ್ಳಿಯ ಮೇಲ್ಗಡೆ, ಬಲ್ಲಾಳರಾಯನ ದುರ್ಗವಿದೆ. ಸುಂಕಸಾಲೆಯೆಂಬ ಹೆಸರೇ ಇದು ಹಿಂದೆ ಸರಕು ಸಾಗುತ್ತಿದ್ದ ಹಾದಿ ಎಂಬುದನ್ನು ಸೂಚಿಸುತ್ತದೆ. ಹೊಯ್ಸಳರ ಮೂಲಸ್ಥಾನವೆಂದು ಪ್ರಸಿದ್ಧವಾದ ಅಂಗಡಿ, ಅಂದರೆ ಶಾಸನಗಳ ಸೊಸೆವೂರು, ಇದೇ ಮೂಡಿಗೆರೆ ತಾಲ್ಲೂಕಿನಲ್ಲಿದೆ. ಹೀಗೆ ಬೆಟ್ಟಕ್ಕೂ ಕೋಟೆಗೂ ಅರಸುಮನೆತನಕ್ಕೂ ಅಂಟಿಕೊಂಡಿರುವ ಹೆಸರು ಇಲ್ಲಿನ ಜನರ ಅಡ್ಡಹೆಸರಾಗಿ ಕಾಣುವುದು ವಿರಳ. ಘಟ್ಟವನ್ನಿಳಿದರೆ ಮಾತ್ರ ಅದು ಪರಿಚಿತವಾದ ಮನೆತನದ ಹೆಸರು. ಹೆಸರು ಮೇಲೆ, ಹೆಸರಿನವರು ಕೆಳಗೆ: ಇದು ಹೇಗಾಯಿತು?

ಮೊದಲು ಶಬ್ದವನ್ನು ನೋಡೋಣ. ಬಲ್ ಎಂದರೆ ಬಲವಾದ, ದೊಡ್ಡದಾದ. ಬಲ್ಲಿದ, ಬಲ್ಮೆ ಎಂಬ ರೂಪಗಳಲ್ಲಿ ಇರುವುದು ಇದೇ. ಸಂಸ್ಕೃತದ 'ಬಲ' ಶಬ್ದವೇ ದ್ರಾವಿಡದಿಂದ ಹೋದದ್ದೆಂದು ಬರೋ ಅವರು ಸೂಚಿಸಿರುವುದನ್ನು ಇಲ್ಲಿ ನೆನೆಯಬಹುದು. ಆಳ್ ಎಂದರೆ ಮನುಷ್ಯ, ಸೇವಕ, ಯೋಧ. ಬಿಲ್ ಮತ್ತು ಆಳ್ ಸೇರಿ ಬಿಲ್ಲಾಳ್ ಆಗುವಂತೆ ಬಲ್ ಮತ್ತು ಆಳ್ ಸೇರಿ ಬಲ್ಲಾಳ್ ಆಗುತ್ತದೆ. ಕಾಲಾಳು, ಕಟ್ಟಾಳು ಮುಂತಾದವು ಇದರ ಸಾಲಿನವೇ. 'ಆಳು' ಎಂಬ ಕ್ರಿಯಾಪದವನ್ನು ಹಿಡಿದು 'ಬಲವಾಗಿ ಆಳುವವನು' ಎಂದು ಬಿಡಿಸುವುದೂ ಉಂಟು. ಆದರೆ ಬಿಲ್ಲಾಳ್, ಕಟ್ಟಾಳ್ ಮುಂತಾದ ಸಮಾನ ರಚನೆಗಳನ್ನು ಕಂಡಾಗ ನಾಮಪದದ ವಿವರಣೆಯೇ ಸಹಜವೆನಿಸುತ್ತದೆ. ಹಳಗನ್ನಡದಲ್ಲಿ ಬಲ್ಲಾಳ್ ಎಂದರೆ ಶೂರ, ಬಲ್ಲಾಳ್ತನ ಎಂದರೆ ಶೌರ್ಯ. ಎಂದರೆ ಇದು ಮೂಲತಃ ಯಾರೊಬ್ಬರ ಸ್ವತ್ತೂ ಅಲ್ಲದ ಸಾಮಾನ್ಯನಾಮ.

ಇಂದು ಕೊಟ್ಟಿಗೆಹಾರದ ಸುತ್ತಣ ಕಾಫಿತೋಟಗಳಲ್ಲಿ ಬೆಳಗಾದರೆ ಕೇಳಿಬರುವ ಪ್ರಶ್ನೆ 'ಇವತ್ತು ಎಷ್ಟು ಆಳು ಬಂದವೆ?' ಎಂಬುದು. ಗಂಡಾಳು, ಹೆಣ್ಣಾಳು ಎಂದು ಕೂಲಿಯ ಲೆಕ್ಕ ನಡೆಯುತ್ತದೆ. ಕಾಫಿ ಕೊಯ್ಯುವ ಆಳೂ ಬಲ್ಲಾಳರಾಯನ ಹೆಸರಿನೊಳಗಿನ ಆಳೂ ಒಂದೇ ಶಬ್ದ. ಶಬ್ದಗಳಿಗೆ ಅಂತಸ್ತಿನ ನೆನಪು ಇರುವುದಿಲ್ಲ.

ಸಾಮಾನ್ಯನಾಮ ಅಂಕಿತನಾಮವಾದದ್ದು ಹೊಯ್ಸಳರಲ್ಲಿ. 12ನೆಯ ಶತಮಾನದ ಮೊದಲ ದಶಕದಲ್ಲಿ ಆಳಿದ ಮೊದಲನೆಯ ಬಲ್ಲಾಳ ವಿಷ್ಣುವರ್ಧನನ ಅಣ್ಣ. 1173ರಲ್ಲಿ ಪಟ್ಟಕ್ಕೆ ಬಂದ ಎರಡನೆಯ ವೀರಬಲ್ಲಾಳನಿಂದ ಹೆಸರಿಗೆ ದೊಡ್ಡ ಕೀರ್ತಿ ಬಂತು. ಈ ಮನೆತನದವರು ಧರಿಸಿದ 'ಮಲೆಪರೊಳ್ಗಂಡ' ಎಂಬ ಬಿರುದಿನಲ್ಲಿಯೂ ಅಚ್ಚಕನ್ನಡದ ಇದೇ ಬಗೆಯ ಗಡಸುತನವಿದೆ. ಮಲೆಯ ಒಡೆಯರು ಮೈದಾನದ ಸಾಮ್ರಾಟರಾದ ಮೇಲೂ ಹೆಸರಿನಲ್ಲಿ ಮಲೆಯನ್ನು ಬಿಡಲಿಲ್ಲ.

ಹೆಸರು ಕನ್ನಡನಾಡಿನ ಹೊರಗೂ ಕಾಣುತ್ತದೆ. 12ನೆಯ ಶತಮಾನದ ಬಂಗಾಳವನ್ನು ಆಳಿದ ಬಲ್ಲಾಳಸೇನನು ಸೇನ ವಂಶದವನು. ಈ ವಂಶದವರು ತಮ್ಮನ್ನು ಕರ್ಣಾಟ ಕ್ಷತ್ರಿಯರೆಂದು ಕರೆದುಕೊಂಡಿದ್ದಾರೆ. ಆದ್ದರಿಂದ ಹೆಸರಿಗೂ ಕನ್ನಡದ ಮೂಲವನ್ನು ಊಹಿಸಲು ಅವಕಾಶವಿದೆ. ಮಹಾರಾಷ್ಟ್ರದ ಅಷ್ಟವಿನಾಯಕರಲ್ಲಿ ಒಬ್ಬನಾದ ಪಾಲಿಯ ಬಲ್ಲಾಳೇಶ್ವರನಿಗೆ ಬಲ್ಲಾಳನೆಂಬ ಬಾಲಭಕ್ತನ ಹೆಸರು ಬಂದಿದೆ. ತಮಿಳಿನಲ್ಲಿ ಕನ್ನಡದ ಬಕಾರಕ್ಕೆ ವಕಾರ ನಿಂತು 'ವಲ್ಲಾಳನ್' ಆಗುತ್ತದೆ. ತಿರುವಣ್ಣಾಮಲೆಯನ್ನು ರಾಜಧಾನಿ ಮಾಡಿಕೊಂಡಿದ್ದ ಮೂರನೆಯ ಬಲ್ಲಾಳ ಅಲ್ಲಿನ ಐತಿಹ್ಯದಲ್ಲಿ ಮಕ್ಕಳಿಲ್ಲದ ಅರಸ. ದೇವರೇ ಮಗನಾಗಿ ಅವನ ಉತ್ತರಕ್ರಿಯೆ ನಡೆಸಿದನೆಂಬ ನಂಬಿಕೆಯಿದ್ದು, ಮಾಸಿ ಮಖದ ದಿನ ಪ್ರತಿವರ್ಷವೂ ಆ ವಿಧಿ ಜರುಗುತ್ತದೆ. ಚರಿತ್ರೆಯಲ್ಲಿ ಅವನಿಗೆ ವಿರೂಪಾಕ್ಷನೆಂಬ ಮಗನಿದ್ದ. ಆದರೂ ಒಂದು ನಾಡಿನ ಜನ ಸಂತಾನವಿಲ್ಲದವನೆಂದು ನೆನೆಯುವ ಅರಸನನ್ನು ಇನ್ನೊಂದು ನಾಡಿನ ಜನ ಮೂಲಪುರುಷನೆಂದು ಹೇಳಿಕೊಳ್ಳುವುದು ಗಮನಾರ್ಹ.

ಈ ಹೇಳಿಕೆಗೆ ಆಧಾರವೆಂದು ತೋರಿಸಬಹುದಾದ ಸಂಗತಿ ಇಲ್ಲದಿಲ್ಲ. ಮೂರನೆಯ ಬಲ್ಲಾಳನ ರಾಣಿ ಚಿಕ್ಕಾಯಿತಾಯಿ ಬಾರಕೂರಿನ ಆಳುಪ ಮನೆತನಕ್ಕೆ ಸಂಬಂಧಿಸಿದವಳು. ಹೊಯ್ಸಳರ ಪ್ರಭಾವ ಕರಾವಳಿಯಲ್ಲಿತ್ತು ಎಂಬುದರಲ್ಲಿ ಸಂಶಯವಿಲ್ಲ. ಆದರೆ ತುಳುನಾಡಿನ ಬಲ್ಲಾಳರ ಬಗ್ಗೆ ಹೆಚ್ಚು ನೇರವಾಗಿ ಮಾತನಾಡುವುದು ಪಾಡ್ದನಗಳು. ಕೋಟಿ ಚೆನ್ನಯರ ಪಾಡ್ದನವೊಂದರಲ್ಲಿಯೇ ಪಡುಮಲೆಯ ಪೆರುಮಾಳ ಬಲ್ಲಾಳ, ಪಂಜದ ಕೇಮರ ಬಲ್ಲಾಳ, ಎಣ್ಮೂರಿನ ದೇವ ಬಲ್ಲಾಳ ಎಂಬ ಮೂವರು ಬರುತ್ತಾರೆ. ಒಬ್ಬನ ಸೀಮೆಯಿಂದ ಹೊರಟವರು ಇನ್ನೊಬ್ಬನ ಸೀಮೆಯಲ್ಲಿ ಆಶ್ರಯ ಪಡೆಯುತ್ತಾರೆ. ಇವರು ಒಂದೇ ಮನೆಯ ಕವಲುಗಳಲ್ಲ. ಬೇರೆಬೇರೆ ಊರುಗಳ, ಒಮ್ಮೊಮ್ಮೆ ಪರಸ್ಪರ ಎದುರಾಳಿಗಳಾದ ಒಡೆಯರು. ಆದ್ದರಿಂದ ಇಲ್ಲಿ ಬಲ್ಲಾಳ ಎಂಬುದು ಪದವಿಯ ಹೆಸರು. ಹೆಣ್ಣುಮಕ್ಕಳನ್ನು ಬಲ್ಲಾಳ್ತಿ ಎಂದು ಕರೆಯುವುದೂ ಇದನ್ನೇ ಸೂಚಿಸುತ್ತದೆ. ಗೌಡನ ಪಕ್ಕದಲ್ಲಿ ಗೌಡಿತಿ ಇರುವಂತೆ ಪದವಿಗೆ ಸ್ತ್ರೀರೂಪವಿರುತ್ತದೆ. ಇಂದಿನ ಅರ್ಥದ ಅಡ್ಡಹೆಸರಿಗೆ ಇರುವುದಿಲ್ಲ. ಹೊಯ್ಸಳರ ಕೀರ್ತಿಯಿಂದ ಈ ಪದವಿಗೆ ಮೆರುಗು ಬಂದಿರಬಹುದು. ಆದರೆ ಪ್ರತಿಯೊಬ್ಬ ಬಲ್ಲಾಳನ ಹಿಂದೆ ಹೊಯ್ಸಳ ರಕ್ತವನ್ನು ಹುಡುಕುವುದು ಪ್ರತಿಯೊಬ್ಬ ಗೌಡನ ಹಿಂದೆ ಒಬ್ಬನೇ ಗಾವುಂಡನನ್ನು ಹುಡುಕಿದಂತೆ.

ಪದವಿ ಯಾರ ಕೈಗೆ ಹೋಗುತ್ತಿತ್ತು ಎಂಬ ಪ್ರಶ್ನೆ ಇನ್ನೂ ಮುಖ್ಯವಾದುದು. ಇಂದು ಈ ಹೆಸರು ಜೈನರಲ್ಲಿಯೂ ಬಂಟರಲ್ಲಿಯೂ ಶಿವಳ್ಳಿ ಬ್ರಾಹ್ಮಣರಲ್ಲಿಯೂ ಇದೆ. ಕೇವಲ ಹೆಸರನ್ನು ಕೇಳಿ ಜಾತಿಯನ್ನು ನಿರ್ಧರಿಸುವವರು ಇಲ್ಲಿ ಸೋಲುತ್ತಾರೆ. ಬ್ರಾಹ್ಮಣರದು ಮಕ್ಕಳಕಟ್ಟು. ಬಂಟರಲ್ಲಿಯೂ ತುಳುನಾಡಿನ ಜೈನರಲ್ಲಿಯೂ ನಡೆದುಬಂದದ್ದು ಅಳಿಯಕಟ್ಟು. ಅಲ್ಲಿ ಮನೆ, ಬಳಿ, ಪಟ್ಟ ಎಲ್ಲವೂ ಮಾವನಿಂದ ಸೋದರಳಿಯನಿಗೆ ಸಲ್ಲುತ್ತವೆ. ಬಲ್ಲಾಳನ ಮಗ ತನ್ನ ತಾಯಿಯ ಮನೆಗೆ ಸೇರಿದವನು; ಬಲ್ಲಾಳನಾಗುವವನು ಬಲ್ಲಾಳನ ತಂಗಿಯ ಮಗ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಮತ್ತು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಗಳ ತರುವಾಯ ಈ ಕಟ್ಟು ಸಡಿಲಗೊಂಡಿತು. ಶಾಲೆಯ ದಾಖಲಾತಿ ಪುಸ್ತಕ ಕೇಳುವುದು ತಂದೆಯ ಹೆಸರನ್ನು. ಹೀಗೆ ಮಾವನಿಂದ ಇಳಿಯುತ್ತಿದ್ದ ಹೆಸರು ಕೆಲವೇ ತಲೆಮಾರುಗಳಲ್ಲಿ ತಂದೆಯಿಂದ ಇಳಿಯತೊಡಗಿತು. ಇಂದಿನ ಬಲ್ಲಾಳರೊಬ್ಬರು ತಂದೆ, ಅಜ್ಜ, ಮುತ್ತಜ್ಜ ಎಂದು ಹಿಂದಕ್ಕೆ ಎಣಿಸುತ್ತ ಹೋದರೆ ಬೇಗನೆ ಬೇರೊಂದು ಹೆಸರಿನ ಮನೆಯನ್ನು ತಲಪುವ ಸಂಭವವೇ ಹೆಚ್ಚು. ವಂಶಾವಳಿಯನ್ನು ಬರೆಯುವವರು ಈ ತಿರುವನ್ನು ಮರೆತರೆ ಇಡೀ ವಂಶಾವಳಿಯೇ ತಪ್ಪಾಗುತ್ತದೆ.

ಘಟ್ಟದ ಮೇಲೆ ಹೀಗಾಗಲಿಲ್ಲ. ಮಲೆನಾಡಿನಲ್ಲಿ ಹೆಸರಿನ ಮುಂದೆ ಊರು ಮತ್ತು ತಂದೆಯನ್ನು ಇನಿಷಿಯಲ್ ಆಗಿ ಇಟ್ಟುಕೊಳ್ಳುವುದೇ ವಾಡಿಕೆ. ಮೂಡಿಗೆರೆಯಲ್ಲಿ ದಶಕಗಳ ಕಾಲ ಬದುಕಿದ, ಇಂದು ಕೊಟ್ಟಿಗೆಹಾರದಲ್ಲಿ ಯಾರ ಹೆಸರಿನ ಪ್ರತಿಷ್ಠಾನವಿದೆಯೋ ಆ ಕೆ.ಪಿ. ಪೂರ್ಣಚಂದ್ರ ತೇಜಸ್ವಿಯವರ ಹೆಸರಿನ 'ಕೆ' ಮೂಡಿಗೆರೆಯದಲ್ಲ, ಕುಪ್ಪಳಿಯದು. ಈ ಪದ್ಧತಿಯಲ್ಲಿ ಅರಸನ ಹೆಸರು ಕೋಟೆಗೆ ಉಳಿಯುತ್ತದೆ, ಮನೆಗೆ ಇಳಿಯುವುದಿಲ್ಲ.

ಕರಾವಳಿಯ ಬಲ್ಲಾಳರು ಓದು, ಉದ್ಯೋಗಗಳಿಗಾಗಿ ಮುಂಬಯಿಗೆ ಹೋದಂತೆ ಹೆಸರೂ ಹೋಯಿತು. ಉಡುಪಿಯ ಅಂಬಲಪಾಡಿಯಿಂದ ಹೋಗಿ ಮುಂಬಯಿಯಲ್ಲಿದ್ದು ಬರೆದ ವ್ಯಾಸರಾಯ ಬಲ್ಲಾಳರು 'ಬಂಡಾಯ' ಕಾದಂಬರಿಗಾಗಿ 1986ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದರು. ಕನ್ನಡ ಓದುಗರಿಗೆ ಈ ಅಡ್ಡಹೆಸರು ಪರಿಚಯವಾದದ್ದು ಬಹುಮಟ್ಟಿಗೆ ಅವರಿಂದ. ರೋಮನ್ ಲಿಪಿಯಲ್ಲಿ ಕೊನೆಯ ಸ್ವರ ಬಿದ್ದುಹೋಗಿ, ಳಕಾರಕ್ಕೂ ಲಕಾರಕ್ಕೂ ಇದ್ದ ಭೇದ ಅಳಿದು, ಊರ ಹೊರಗೆ ಅದು 'ಬಲ್ಲಾಲ್' ಎಂದಾಗಿದೆ. ಕನ್ನಡ ಪತ್ರಿಕೆಗಳೂ ಈಗ ಆ ರೂಪವನ್ನೇ ಮರಳಿ ಕನ್ನಡಕ್ಕೆ ಬರೆಯುವುದುಂಟು. ಹಾಗೆ ಬರೆದಾಗ ಹೆಸರಿನೊಳಗಿನ ಆಳು ಕಾಣುವುದಿಲ್ಲ.