ಎರಡು ಕಂಪ್ಯೂಟರಿಗೆ ಒಂದು ಕೇಬಲ್ ಸಾಕು

ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕಡೆಯ ತೋಟದ ಮನೆಯಲ್ಲಿ ಎರಡು ಕಂಪ್ಯೂಟರ್ ಇದ್ದರೆ, ಮದುವೆ ವಿಡಿಯೊ, ಯಕ್ಷಗಾನದ ರೆಕಾರ್ಡಿಂಗ್ ಸಾಗಿಸಲು ಪೆನ್‌ಡ್ರೈವ್ ಹಿಡಿದು ಓಡಾಡಬೇಡಿ, ಇಂಟರ್ನೆಟ್ಟಿಗೂ ಕಾಯಬೇಡಿ. ಒಂದು ಕ್ಯಾಟ್-6 ಕೇಬಲ್ ತಂದು ಎರಡರ ಲ್ಯಾನ್ ಪೋರ್ಟಿಗೂ ನೇರವಾಗಿ ಸಿಕ್ಕಿಸಿ. ಹಿಂದೆ ಇದಕ್ಕೆ ಕ್ರಾಸ್‌ಓವರ್ ಕೇಬಲ್ ಬೇಕಿತ್ತು. ಈಗಿನ ಗಿಗಾಬಿಟ್ ಪೋರ್ಟುಗಳಿಗೆ ಬೇಕಿಲ್ಲ.

ಒಂದಕ್ಕೆ 192.168.50.1, ಇನ್ನೊಂದಕ್ಕೆ 192.168.50.2 ಎಂದು ಐಪಿ ವಿಳಾಸ ಕೊಡಿ. ಸಬ್‌ನೆಟ್ ಮಾಸ್ಕ್ ಎರಡಕ್ಕೂ 255.255.255.0. ಗೇಟ್‌ವೇ ಜಾಗ ಖಾಲಿ ಬಿಡಿ, ಇಲ್ಲವಾದರೆ ವೈಫೈ ಇಂಟರ್ನೆಟ್ ಕೈಕೊಡಬಹುದು. ಆಮೇಲೆ ಬೇಕಾದ ಫೋಲ್ಡರ್ ಶೇರ್ ಮಾಡಿ. ಸೆಕೆಂಡಿಗೆ ಸುಮಾರು 110 ಎಂಬಿ ಹರಿಯುತ್ತದೆ. 100 ಜಿಬಿ ಕಾಲು ಗಂಟೆಯ ಕೆಲಸ. 10 ಗಿಗಾಬಿಟ್ ಕಾರ್ಡೂ ಸಿಗುತ್ತದೆ. ಆದರೆ ಎರಡೂ ಕಡೆ ಎಸ್‌ಎಸ್‌ಡಿ ಇಲ್ಲದಿದ್ದರೆ ಆ ದುಡ್ಡು ದಂಡ, ತಿರುಗುವ ಹಾರ್ಡ್‌ಡಿಸ್ಕಿಗೆ ಅಷ್ಟು ವೇಗವಿಲ್ಲ.

ನಮ್ಮ ಮಲೆನಾಡಿನಲ್ಲಿ ದೊಡ್ಡ ಭಯ ಸಿಡಿಲಿನದು. ಮನೆಯಿಂದ ಅಡಿಕೆ ಗೋದಾಮಿಗೆ ಅಂಗಳ ದಾಟಿಸಿ ತಾಮ್ರದ ಕೇಬಲ್ ಎಳೆಯಲೇಬೇಡಿ. ಏಪ್ರಿಲ್, ಮೇ ತಿಂಗಳ ಗುಡುಗು ಮಳೆಗೆ ಎರಡೂ ಕಂಪ್ಯೂಟರ್ ಒಟ್ಟಿಗೆ ಸುಟ್ಟುಹೋಗಬಹುದು. 100 ಮೀಟರ್ ದಾಟಿದರೆ ತಾಮ್ರ ಹೇಗೂ ನಡೆಯದು. ಅಲ್ಲಿ ಲೋಹದ ತಂತಿಯಿಲ್ಲದ ಫೈಬರ್ ಹಾಕಿಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ ಕೂರಿಸಿ. ಗಾಜಿನ ಎಳೆಯಲ್ಲಿ ವಿದ್ಯುತ್ ಹರಿಯುವುದಿಲ್ಲ.

ಮೋಡ ಕವಿದಾಗ, ಗುಡುಗು ಶುರುವಾಗುವ ಮೊದಲೇ, ಕರೆಂಟಿನ ಪ್ಲಗ್ಗಿನ ಜೊತೆ ಕೇಬಲನ್ನೂ ಕಿತ್ತಿಡಿ.