ಜಾರುವ ದಾರಿಯಲ್ಲಿ ಗಟ್ಟಿ ಹೆಜ್ಜೆ: ಮಳೆಗಾಲದ ಭಯಕ್ಕೆ ಒಂದು ಲೆಕ್ಕ

ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗದ ವಿದ್ಯಾರ್ಥಿನಿಯ ಬರಹ

ಜೂನ್ ತಿಂಗಳಲ್ಲಿ ಮಿರ್ಗಾ ಮಳೆ ಶುರುವಾದರೆ ಹಾನಗಲ್ ತಾಲ್ಲೂಕಿನ ರೈತರಿಗೆ ಸಂತೋಷ. ಭತ್ತದ ಗದ್ದೆಗೂ ಗೋವಿನಜೋಳದ ಹೊಲಕ್ಕೂ ಆ ಮಳೆಯೇ ಆಧಾರ. ಆದರೆ ಅದೇ ದಿನಗಳಲ್ಲಿ ನಮ್ಮ ತರಗತಿಯ ಕೆಲವು ಬೆಂಚುಗಳು ಖಾಲಿ ಇರುತ್ತವೆ. ಕಾರಣ ಕೇಳಿದರೆ ಒಬ್ಬಳು "ಊರಾಗ ರಾಡಿ ಆಗೇತಿ, ಬೀಳ್ತೀನಂತ ಅಂಜಿಕಿ" ಎನ್ನುತ್ತಾಳೆ. ಇನ್ನೊಬ್ಬಳ ಮನೆಯಲ್ಲಿ "ಫಿಸಲ್ ಕೋ ಗಿರ್ತಿ, ನಕ್ಕೋ ಜಾ" ಎಂದಿರುತ್ತಾರೆ. ಜಾರಿ ಬೀಳುತ್ತೀ, ಹೋಗಬೇಡ ಎಂದು ಅದರ ಅರ್ಥ. ಮಾತು ಬೇರೆ ಬೇರೆ, ಭಯ ಒಂದೇ.

ಇದು ಸಣ್ಣ ವಿಷಯವಲ್ಲ. ಪಿಯುಸಿ ಪರೀಕ್ಷೆಗೆ ಕೂರಲು ಶೇ. 75 ಹಾಜರಿ ಬೇಕು. ಮಳೆಗಾಲ ನಾಲ್ಕು ತಿಂಗಳು. ಮಳೆ ಬಂದಾಗಲೆಲ್ಲ ಮನೆಯಲ್ಲಿ ಕುಳಿತರೆ ಹಾಜರಿಯೂ ಹೋಗುತ್ತದೆ, ಪಾಠವೂ ಹೋಗುತ್ತದೆ. ಇನ್ನೊಂದು ಕಡೆ, ಭಯ ತೋರಿಸಬಾರದೆಂದು ಒದ್ದೆ ರಸ್ತೆಯಲ್ಲಿ ಬೈಕ್ ಜೋರಾಗಿ ಓಡಿಸುವವರೂ ಇದ್ದಾರೆ. ಇಬ್ಬರೂ ಭಯವನ್ನು ಸರಿಯಾಗಿ ಲೆಕ್ಕ ಹಾಕಿಲ್ಲ. ಹಾಗಾದರೆ ಆ ಲೆಕ್ಕ ಹಾಕುವುದು ಹೇಗೆ?

ನಮ್ಮ ದಾರಿ ಏಕೆ ಜಾರುತ್ತದೆ?

ನಮ್ಮ ಭಾಗದಲ್ಲಿ ಜಾರುವ ಜಾಗಗಳು ಒಂದೇ ತರಹ ಇರುವುದಿಲ್ಲ.

ಮೊದಲನೆಯದು ಎರೆ ಮಣ್ಣು. ಸವಣೂರು, ಶಿಗ್ಗಾಂವಿ ಕಡೆಯಿಂದ ಬರುವ ಗೆಳೆಯರಿಗೆ ಇದರ ಪರಿಚಯ ಚೆನ್ನಾಗಿದೆ. ಈ ಮಣ್ಣು ನೀರು ಕುಡಿದು ಉಬ್ಬುತ್ತದೆ, ಒಣಗಿದಾಗ ಬಿರುಕು ಬಿಡುತ್ತದೆ. ಒದ್ದೆಯಾದಾಗ ಚಪ್ಪಲಿಯ ತಳಕ್ಕೆ ಅಂಟಿ, ಅದರ ಗೆರೆಗಳಲ್ಲಿ ತುಂಬಿಕೊಳ್ಳುತ್ತದೆ. ಆಮೇಲೆ ನಾವು ನಡೆಯುವುದು ಮಣ್ಣಿನ ಮೇಲೆ ಮಣ್ಣಿಟ್ಟುಕೊಂಡು. ಹೊಲದಲ್ಲಿ ಅನೇಕ ರೈತರು ಚಪ್ಪಲಿ ಕೈಯಲ್ಲಿ ಹಿಡಿದು, ಕಾಲ್ಬೆರಳು ಊರಿ ನಡೆಯುವುದು ಇದಕ್ಕೇ.

ಎರಡನೆಯದು ಪಾಚಿ. ಹಾನಗಲ್ ಮಲೆನಾಡಿನ ಸೆರಗಿನಲ್ಲಿದೆ. ಕಲ್ಲಿನ ಮೆಟ್ಟಿಲು, ಬಚ್ಚಲು, ನಳದ ಕಟ್ಟೆ, ವುಜೂ ಮಾಡುವ ಜಾಗ, ಹೀಗೆ ಬಿಸಿಲು ಬೀಳದ ಕಡೆಯಲ್ಲೆಲ್ಲ ಮಳೆಗಾಲದಲ್ಲಿ ಹಸಿರು ಹಾವಸೆ ಕಟ್ಟುತ್ತದೆ.

ಮೂರನೆಯದು ಡಾಂಬರು ರಸ್ತೆ. ಬೇಸಿಗೆಯಿಡೀ ವಾಹನಗಳಿಂದ ಬಿದ್ದ ಎಣ್ಣೆ, ಧೂಳು, ಟಯರಿನ ಪುಡಿ ರಸ್ತೆಯ ಮೇಲೆ ಕುಳಿತಿರುತ್ತದೆ. ಮೊದಲ ಮಳೆಯ ಹನಿ ಬಿದ್ದಾಗ ಇವೆಲ್ಲ ಸೇರಿ ತೆಳುವಾದ ಜಿಡ್ಡಿನ ಪದರವಾಗುತ್ತದೆ. ಜೋರು ಮಳೆ ಬಂದು ತೊಳೆದುಹೋಗುವವರೆಗೆ ಆ ಸಮಯ ಅಪಾಯದ್ದು. ರಸ್ತೆಗೆ ಬಳಿದ ಬಿಳಿ ಪಟ್ಟೆ, ಗಟಾರದ ಮೇಲಿನ ಕಬ್ಬಿಣದ ಜಾಲರಿ ಒದ್ದೆಯಾದಾಗ ಇನ್ನೂ ಹೆಚ್ಚು ಜಾರುತ್ತವೆ.

ನಾಲ್ಕನೆಯದು ಮಳೆಗೆ ಸಂಬಂಧವಿಲ್ಲದ್ದು. ಸುಗ್ಗಿಯಲ್ಲಿ ರಸ್ತೆಯ ಮೇಲೆ ಹಾಕುವ ಒಕ್ಕಲು, ಒಣಗಲು ಹರವಿದ ಗೋವಿನಜೋಳದ ಕಾಳು. ಒಣ ಕಾಳಿನ ಮೇಲೆ ದ್ವಿಚಕ್ರ ವಾಹನದ ಗಾಲಿ ಉರುಳುವುದಿಲ್ಲ, ತೇಲುತ್ತದೆ. ಅದೇ ಕಾಲದಲ್ಲಿ ಮುಂಜಾನೆ ಮಂಜು ಮುಸುಕಿದರೆ ಆ ರಾಶಿ ದೂರದಿಂದ ಕಾಣುವುದೂ ಇಲ್ಲ.

ಹಿಮದ ನಾಡು ಕಲಿಸುವ ಪಾಠ

ಕನ್ನಡದಲ್ಲಿ ಮಂಜು ಎಂದರೆ ಬೆಳಗಿನ ಮುಸುಕೂ ಹೌದು, ಹಿಮವೂ ಹೌದು. ನಮಗೆ ಸಿಗುವುದು ಮೊದಲನೆಯದು ಮಾತ್ರ. ಕೆನಡಾ, ಅಮೆರಿಕದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೆ ಎರಡನೆಯದನ್ನೂ ಎದುರಿಸಬೇಕಾಗುತ್ತದೆ. ಅಲ್ಲಿ ರಸ್ತೆಯ ಮೇಲಿನ ನೀರು ಕಣ್ಣಿಗೆ ಕಾಣದಷ್ಟು ತೆಳುವಾಗಿ ಹೆಪ್ಪುಗಟ್ಟುತ್ತದೆ. ಆದರೂ ಅಲ್ಲಿನ ಮಕ್ಕಳು ಶಾಲೆಗೆ ಹೋಗುತ್ತಾರೆ, ದೊಡ್ಡವರು ಕೆಲಸಕ್ಕೆ ಹೋಗುತ್ತಾರೆ. ಅದಕ್ಕೆ ಕಾರಣ ಧೈರ್ಯವೊಂದೇ ಅಲ್ಲ, ತಯಾರಿ. ರಸ್ತೆಗೆ ಉಪ್ಪು ಎರಚುತ್ತಾರೆ; ಉಪ್ಪು ಬೆರೆತ ನೀರು ಅಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ. ಕೆನಡಾದ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರುಗಳಿಗೆ ಚಳಿಗಾಲದ ಟಯರ್ ಹಾಕುವುದು ಕಡ್ಡಾಯ. ನಡೆಯುವವರಿಗೆ ಪೆಂಗ್ವಿನ್ ಹಕ್ಕಿಯಂತೆ ಸಣ್ಣ ಹೆಜ್ಜೆ ಇಡಲು ಹೇಳಿಕೊಡುತ್ತಾರೆ.

ವಿಜ್ಞಾನ ವಿಭಾಗದ ಗೆಳತಿಯ ಜೊತೆ ಕುಳಿತು ಒಂದು ಲೆಕ್ಕ ಮಾಡಿದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಹೋಗುವ ವಾಹನ ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಸಾಗುತ್ತದೆ. ಅಡ್ಡ ಬಂದದ್ದನ್ನು ನೋಡಿ ಬ್ರೇಕ್ ಹಿಡಿಯಲು ಒಂದು ಸೆಕೆಂಡ್ ಬೇಕೆಂದರೆ ಆ 11 ಮೀಟರ್ ಆಗಲೇ ಹೋಯಿತು. ಬ್ರೇಕ್ ಹಿಡಿದ ಮೇಲೆ ಒಣ ರಸ್ತೆಯಲ್ಲಿ ನಿಲ್ಲಲು ಇನ್ನೂ ಸುಮಾರು 9 ಮೀಟರ್, ಒದ್ದೆ ರಸ್ತೆಯಲ್ಲಿ ಸುಮಾರು 16 ಮೀಟರ್, ಹಿಮಗಡ್ಡೆಯ ಮೇಲೆ 60 ಮೀಟರಿಗೂ ಹೆಚ್ಚು ಬೇಕು. ಘರ್ಷಣೆ ಕಡಿಮೆಯಾದಷ್ಟೂ ದೂರ ಬೆಳೆಯುತ್ತದೆ.

ಅದೇ ಒದ್ದೆ ರಸ್ತೆಯಲ್ಲಿ ವೇಗ 20 ಕಿ.ಮೀ. ಇದ್ದರೆ? ಬ್ರೇಕಿನ ದೂರ ಅರ್ಧವಲ್ಲ, ಕಾಲುಭಾಗವಾಗುತ್ತದೆ: 4 ಮೀಟರ್. ಕಣ್ಣಿನಿಂದ ಕೈಗೆ ಬರುವ ಸಮಯವನ್ನೂ ಸೇರಿಸಿದರೆ ಒಟ್ಟು 10 ಮೀಟರಿನೊಳಗೆ ವಾಹನ ನಿಲ್ಲುತ್ತದೆ. 40ರಲ್ಲಿ ಅದು 27 ಮೀಟರ್. ರಸ್ತೆಯನ್ನು ನಾವು ಒಣಗಿಸಲಾರೆವು, ವೇಗವನ್ನು ಇಳಿಸಬಲ್ಲೆವು.

ಭಯ ದೇಹದೊಳಗೆ ಏನು ಮಾಡುತ್ತದೆ?

ಭಯವಾದಾಗ ಎದೆ ಹೊಡೆದುಕೊಳ್ಳುತ್ತದೆ, ಉಸಿರು ಮೇಲೆ ಮೇಲೆ ಬರುತ್ತದೆ, ಸ್ನಾಯು ಬಿಗಿಯಾಗುತ್ತದೆ. ಓಡಲು ಅಥವಾ ಎದುರಿಸಲು ದೇಹ ಸಿದ್ಧವಾಗುವ ರೀತಿ ಅದು. ನಾಯಿ ಅಟ್ಟಿಸಿಕೊಂಡು ಬಂದರೆ ಇದು ಉಪಯೋಗಕ್ಕೆ ಬರುತ್ತದೆ. ರಾಡಿಯಲ್ಲಿ ಮಾತ್ರ ತೊಂದರೆ ಕೊಡುತ್ತದೆ. ಮೊಣಕಾಲು ಬಿಗಿಯಾದರೆ ಜಾರಿದ ಹೆಜ್ಜೆಯನ್ನು ಸರಿಮಾಡಿಕೊಳ್ಳಲು ಆಗುವುದಿಲ್ಲ. ಗಾಡಿಯ ಹ್ಯಾಂಡಲ್ ಬಿಗಿಯಾಗಿ ಹಿಡಿದರೆ ಸಣ್ಣ ಅಲುಗಾಟವೂ ದೊಡ್ಡದಾಗುತ್ತದೆ. ಕಣ್ಣು ಕೂಡ ಭಯಪಟ್ಟ ಜಾಗದಲ್ಲೇ ನೆಡುತ್ತದೆ. ಗುಂಡಿಯನ್ನೇ ನೋಡುತ್ತಾ ಹೋದವರ ಗಾಡಿ ಗುಂಡಿಗೇ ಹೋಗುತ್ತದೆ.

ಆದ್ದರಿಂದ ಮೊದಲು ನಿಂತು, ನಿಧಾನವಾಗಿ ಉಸಿರು ಬಿಡಬೇಕು. ಎಳೆದುಕೊಳ್ಳುವುದಕ್ಕಿಂತ ಬಿಡುವುದು ಉದ್ದವಾಗಿರಲಿ. ನಾಲ್ಕೈದು ಸಲ ಹೀಗೆ ಮಾಡಿ ಭುಜ ಸಡಿಲ ಬಿಟ್ಟು, ಹೋಗಬೇಕಾದ ಕಡೆ ನೋಡಿ ಹೆಜ್ಜೆ ಇಡಬೇಕು.

ವ್ಯಾಪಾರಿಯಿಂದ ಕಲಿಯೋಣ

ಲೆಕ್ಕಶಾಸ್ತ್ರದಲ್ಲಿ ನಾವು ಸಂಶಯಾಸ್ಪದ ಸಾಲ ನಿಧಿಯನ್ನು ಓದುತ್ತೇವೆ. ಒಬ್ಬ ವ್ಯಾಪಾರಿಗೆ ಗಿರಾಕಿಗಳಿಂದ 50,000 ರೂಪಾಯಿ ಉದ್ರಿ ಬರಬೇಕಿದೆ ಎನ್ನೋಣ. ಅದರಲ್ಲಿ ಶೇ. 5 ಬರದೇ ಹೋಗಬಹುದೆಂಬ ಅನುಮಾನ ಅವನಿಗಿದೆ. ಅವನು ಅಂಗಡಿ ಮುಚ್ಚುವುದಿಲ್ಲ. ಏನೂ ಆಗುವುದಿಲ್ಲ ಎಂದು ಸುಮ್ಮನೂ ಕೂರುವುದಿಲ್ಲ. 2,500 ರೂಪಾಯಿಯನ್ನು ಲಾಭದಿಂದ ತೆಗೆದಿಟ್ಟು ವ್ಯಾಪಾರ ಮುಂದುವರಿಸುತ್ತಾನೆ.

ಜಾರುವ ದಾರಿಯ ಭಯವೂ ಹೀಗೆಯೇ. ಮನೆಯಲ್ಲೇ ಉಳಿಯುವವರು ಪೂರ್ತಿ 50,000 ಮುಳುಗಿತೆಂದು ಬರೆದುಕೊಂಡವರು. ಒದ್ದೆ ರಸ್ತೆಯಲ್ಲಿ ಹಾರಿಸುವವರು ನಿಧಿಯನ್ನೇ ತೆಗೆದಿಡದವರು. ಭಯ ಹೇಳುವಷ್ಟು ಅಪಾಯಕ್ಕೆ ತಕ್ಕ ನಿಧಿ ತೆಗೆದಿಟ್ಟು ಹೊರಡುವುದು ಮೂರನೆಯ ದಾರಿ. ಇಲ್ಲಿ ನಿಧಿ ಎಂದರೆ 15 ನಿಮಿಷ ಮುಂಚೆ ಹೊರಡುವುದು, ಗೆರೆ ಇರುವ ಚಪ್ಪಲಿ, ಕಡಿಮೆ ವೇಗ, ಚೀಲದಲ್ಲಿ ಪುಸ್ತಕಕ್ಕೊಂದು ಪ್ಲಾಸ್ಟಿಕ್.

ನಡೆಯುವಾಗ

1. ಹೆಜ್ಜೆ ಸಣ್ಣದಿರಲಿ. ಹಿಮ್ಮಡಿ ಮೊದಲು ಊರದೆ ಪೂರ್ತಿ ಪಾದ ಒಟ್ಟಿಗೆ ಇಡಿ. ಮೈಯ ಭಾರ ಮುಂದಿನ ಕಾಲಿನ ಮೇಲಿರಲಿ.

2. ತಳ ಸವೆದ ಹವಾಯಿ ಚಪ್ಪಲಿ ಮಳೆಗಾಲಕ್ಕೆ ಬೇಡ. ಗೆರೆಯುಳ್ಳ ರಬ್ಬರ್ ತಳದ, ಹಿಂದೆ ಪಟ್ಟಿ ಇರುವ ಚಪ್ಪಲಿ ಒಳ್ಳೆಯದು. ಅಂಟಿದ ಮಣ್ಣನ್ನು ಆಗಾಗ ಕಲ್ಲಿಗೆ ಒರೆಸಿ ತೆಗೆಯಿರಿ.

3. ಚೀಲ ಎರಡೂ ಹೆಗಲಿಗಿರಲಿ. ಒಂದು ಕೈಯಲ್ಲಿ ಛತ್ರಿ, ಇನ್ನೊಂದರಲ್ಲಿ ಮೊಬೈಲ್ ಇದ್ದರೆ ಬೀಳುವಾಗ ಹಿಡಿದುಕೊಳ್ಳಲು ಕೈಯೇ ಇರುವುದಿಲ್ಲ.

4. ನೀರು ನಿಂತ ಕಡೆ ಆಳ ಗೊತ್ತಾಗುವುದಿಲ್ಲ. ಸುತ್ತಿ ಹೋಗಿ.

5. ಬುರ್ಖಾ, ಸೀರೆ, ಲಂಗದ ಅಂಚು ಕಾಲಿಗೆ ಸಿಗದಷ್ಟು ಮೇಲಿರಲಿ.

ವಾಹನದಲ್ಲಿ

ಮೊದಲು ಕಾನೂನಿನ ಮಾತು. ಗೇರ್ ಇರುವ ಬೈಕಿಗೂ, ನಮ್ಮ ಮನೆಗಳಲ್ಲಿರುವ ಸಾಮಾನ್ಯ ಸ್ಕೂಟರಿಗೂ ಲೈಸೆನ್ಸ್ ಸಿಗುವುದು 18 ತುಂಬಿದ ಮೇಲೆ. 2019ರ ತಿದ್ದುಪಡಿಯ ಪ್ರಕಾರ ಅಪ್ರಾಪ್ತರು ವಾಹನ ಓಡಿಸಿ ತಪ್ಪು ಮಾಡಿದರೆ ಪೋಷಕರಿಗೆ ಅಥವಾ ವಾಹನದ ಮಾಲೀಕರಿಗೆ 25,000 ರೂಪಾಯಿ ದಂಡ, 3 ವರ್ಷದವರೆಗೆ ಜೈಲು ಆಗಬಹುದು. ಆದ್ದರಿಂದ "ಮಳೆ ಬರಾಕತ್ತೇತಿ, ಗಾಡಿ ತಗೊಂಡು ಹೋಗು" ಎಂದು ಯಾರಾದರೂ ಹೇಳಿದಾಗ ನಮಗಾಗುವ ಹಿಂಜರಿಕೆ ಹೇಡಿತನವಲ್ಲ. ಅದು ಸರಿಯಾದ ಭಯ.

ನಮ್ಮಲ್ಲಿ ಹೆಚ್ಚಿನವರು ಅಬ್ಬಾ, ಅಣ್ಣ, ಮಾಮು ಅವರ ಹಿಂದೆ ಕುಳಿತು ಬರುವವರು. ಹಿಂದೆ ಕೂತವರಿಗೂ ಹೆಲ್ಮೆಟ್ ಕಡ್ಡಾಯ. ಐಎಸ್ಐ ಗುರುತು ನೋಡಿ ಕೊಳ್ಳಿ. ದುಪಟ್ಟಾ, ಬುರ್ಖಾದ ಸೆರಗು ಗಾಲಿಗೆ ಸಿಗದಂತೆ ಸೇರಿಸಿಕೊಂಡು ಕೂರಿ. ಗಾಡಿ ತಿರುಗುವಾಗ ಹೆದರಿ ಎದುರು ಬದಿಗೆ ವಾಲಬೇಡಿ. ಓಡಿಸುವವರ ಜೊತೆಗೇ ಮೈ ಇರಲಿ.

ಮನೆಯ ದೊಡ್ಡವರಿಗೆ ಇಷ್ಟು ನೆನಪಿಸಿ: ಮುಂದಿನ ಬ್ರೇಕನ್ನು ಒಮ್ಮೆಲೇ ಹಿಡಿಯದೆ ಎರಡೂ ಬ್ರೇಕನ್ನು ಒಟ್ಟಿಗೆ, ಮೆತ್ತಗೆ ಒತ್ತಬೇಕು. ತಿರುವಿಗೆ ಮೊದಲೇ ವೇಗ ಇಳಿಸಬೇಕು, ತಿರುವಿನಲ್ಲಿ ಬ್ರೇಕ್ ಹಿಡಿಯಬಾರದು. 2019ರ ಏಪ್ರಿಲ್‌ನಿಂದ ಮಾರಾಟವಾಗುವ 125 ಸಿಸಿವರೆಗಿನ ಹೊಸ ದ್ವಿಚಕ್ರ ವಾಹನಗಳಿಗೆ ಸಿಬಿಎಸ್ ಅಥವಾ ಎಬಿಎಸ್, ಅದಕ್ಕಿಂತ ದೊಡ್ಡವಕ್ಕೆ ಎಬಿಎಸ್ ಕಡ್ಡಾಯವಾಗಿದೆ. ಹಳೆಯ ಗಾಡಿಗಳಲ್ಲಿ ಅದಿಲ್ಲದಿರಬಹುದು. ಸವೆದ ಟಯರಿಗೆ ಯಾವ ಬ್ರೇಕೂ ಸಾಲದು. ಶಿಗ್ಗಾಂವಿಯ ಕಡೆ ರಾಷ್ಟ್ರೀಯ ಹೆದ್ದಾರಿ 48ಕ್ಕೆ ಬಂದರೆ ಲಾರಿಗಳ ಹಿಂದೆ ಹತ್ತಿರ ಹೋಗಬಾರದು. ಅವು ಹಾರಿಸುವ ನೀರಿನಲ್ಲಿ ಎದುರಿನದು ಕಾಣುವುದಿಲ್ಲ.

ಭಯ ಕಡಿಮೆಯಾಗದಿದ್ದರೆ

ನಮ್ಮ ದಾದಿ ಒಂದು ಮಳೆಗಾಲದಲ್ಲಿ ಬಚ್ಚಲಲ್ಲಿ ಜಾರಿದರು. ಮೂಳೆ ಮುರಿಯಲಿಲ್ಲ, ನೋವು ವಾರದಲ್ಲಿ ಹೋಯಿತು. ಆದರೆ ನಾಲ್ಕು ತಿಂಗಳು ಹೊಸ್ತಿಲು ದಾಟಲಿಲ್ಲ. ಎರಡು ಓಣಿ ಆಚೆ ಇದ್ದ ಅವರ ತಂಗಿಯ ಮನೆಗೂ ಹೋಗಲಿಲ್ಲ. ಕೂತೇ ಇದ್ದುದರಿಂದ ಕಾಲಿನ ಶಕ್ತಿ ಇಳಿಯಿತು, ಶಕ್ತಿ ಇಳಿದಂತೆ ಭಯ ಹೆಚ್ಚಿತು. ನಡೆಯುವವರು ಎಡವದೆ ಕುಳಿತವರು ಎಡವುತ್ತಾರೆಯೇ ಎಂದು ಗಾದೆ ಇದೆ. ಆದರೆ ಕುಳಿತೇ ಇದ್ದವರು ಎದ್ದ ದಿನ ಎಡವುವ ಸಾಧ್ಯತೆ ಹೆಚ್ಚು.

ಅಮ್ಮಿ ಅವರನ್ನು ಬಲವಂತ ಮಾಡಲಿಲ್ಲ. ಮೊದಲ ವಾರ ಕೋಲು ಹಿಡಿದು ಅಂಗಳದವರೆಗೆ. ಅದು ರೂಢಿಯಾದ ಮೇಲೆ ಪಕ್ಕದ ಮನೆಯವರೆಗೆ. ಆಮೇಲೆ ಓಣಿಯ ತುದಿ. ಮಳೆ ಬಿಟ್ಟ ಒಂದು ಮಧ್ಯಾಹ್ನ ತಂಗಿಯ ಮನೆ. ಮನೋವೈದ್ಯರೂ ಇಂಥ ಭಯಕ್ಕೆ ಹೇಳುವುದು ಇದೇ ಮೆಟ್ಟಿಲು ಮೆಟ್ಟಿಲಾಗಿ ಹೋಗುವ ವಿಧಾನ. ಭಯ ಪೂರ್ತಿ ಹೋಗಲೆಂದು ಕಾಯಬಾರದು. ಸ್ವಲ್ಪ ಭಯವಿರುವಾಗಲೇ ಚಿಕ್ಕ ಹೆಜ್ಜೆ ಇಟ್ಟು, ಅದು ಇಳಿಯುವವರೆಗೆ ಅಲ್ಲೇ ಅಭ್ಯಾಸ ಮಾಡಬೇಕು.

ಅಪಘಾತ ಕಂಡವರಿಗೆ ಅಥವಾ ಮನೆಯವರನ್ನು ಕಳೆದುಕೊಂಡವರಿಗೆ ಭಯ ಇದಕ್ಕಿಂತ ಆಳವಾಗಿರುತ್ತದೆ. ನಿದ್ದೆ ಬಾರದಿದ್ದರೆ, ರಸ್ತೆ ನೆನೆದರೇ ಕೈ ನಡುಗಿದರೆ ಒಬ್ಬರೇ ಹೊರಬೇಕಿಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು.

ನಾವೆಲ್ಲ ಸೇರಿ ಮಾಡಬಹುದಾದದ್ದು

ಬೀಳುವ ಭಯದಲ್ಲಿ ಅರ್ಧ ಭಾಗ ನೋವಿನದ್ದಲ್ಲ, ನಗುವವರದ್ದು. ಯಾರಾದರೂ ಜಾರಿದರೆ ಮೊಬೈಲ್ ತೆಗೆಯದೆ ಕೈ ಕೊಡೋಣ. ರಸ್ತೆಯಲ್ಲಿ ಪೆಟ್ಟಾದವರನ್ನು ಕಂಡರೆ 108ಕ್ಕೆ ಕರೆ ಮಾಡೋಣ. ಒಳ್ಳೆಯ ಮನಸ್ಸಿನಿಂದ ಸಹಾಯ ಮಾಡಿದವರಿಗೆ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಹೆಸರು ಹೇಳಲೇಬೇಕೆಂದು ಅವರನ್ನು ಒತ್ತಾಯಿಸುವಂತಿಲ್ಲ. ದಾರಿಯಲ್ಲಿನ ಮುಳ್ಳು, ಕಲ್ಲು ಸರಿಸುವುದೂ ಸದಕಾ ಎಂದು ಮನೆಯಲ್ಲಿ ಕೇಳಿ ಬೆಳೆದಿದ್ದೇವೆ. ಬ್ಲೀಚಿಂಗ್ ಪೌಡರ್ ಹಾಕಿ ಮೆಟ್ಟಿಲಿನ ಪಾಚಿ ಉಜ್ಜುವುದು, ರಾಡಿಯಾದ ಗೇಟಿನ ಮುಂದೆ ಒಂದು ಬುಟ್ಟಿ ಗರಸು ಸುರಿಯುವುದು ಕೂಡ ಅದೇ ಸಾಲಿನ ಕೆಲಸ. ಮಳೆ ಹಿಡಿಯುವ ಮುನ್ನ ಒಂದು ಶನಿವಾರ ನಾವು ವಿದ್ಯಾರ್ಥಿಗಳೇ ಇದನ್ನು ಮಾಡಬಹುದು.

ಉಪನ್ಯಾಸಕರಲ್ಲಿ ಒಂದು ವಿನಂತಿ. ಜೋರು ಮಳೆಯ ದಿನ ಹಳ್ಳಿಯ ಬಸ್ಸಿಗೆ ಬರುವವರಿಗೆ ಮೊದಲ ಪಿರಿಯಡ್‌ನಲ್ಲಿ ಹತ್ತು ನಿಮಿಷ ವಿನಾಯಿತಿ ಕೊಡಿ. ತಡವಾಯಿತೆಂದು ಹೊರಗೆ ನಿಲ್ಲಿಸುತ್ತಾರೆ ಎಂಬ ಭಯವಿದ್ದರೆ ನಾವು ರಾಡಿಯಲ್ಲಿ ಓಡುತ್ತೇವೆ. ಆ ಹತ್ತು ನಿಮಿಷ ಇದ್ದರೆ ನಡೆದೇ ಬರುತ್ತೇವೆ.